ನಿಮಿಷಕ್ಕೆ ಎಂಬತ್ತು ಹಾಳೆ

4-3-2014, ಮಂಗಳವಾರ

ಇವತ್ತು ಹದಿನೇಳು ಫೈಲ್ ಹುಡುಕಿಕೊಟ್ಟೆವು. ದಾಸಪ್ಪ ಹದಿನೈದು, ನಾನು ಎರಡು. ರೆಕಾರ್ಡ್ ರೂಮಿನ ಬಾಗಿಲ ಮೇಲಿರುವುದು ನನ್ನ ಹೆಸರು — ಶಶಿರೇಖಾ ಹಿರೇಮಠ, ಇನ್‌ಚಾರ್ಜ್. ಆದರೆ ಯಾವ ವರ್ಷದ ಕಟ್ಟು ಯಾವ ರ‍್ಯಾಕಿನಲ್ಲಿದೆ ಎನ್ನುವುದು ಇರುವುದು ಅಟೆಂಡರ್ ದಾಸಪ್ಪನವರ ತಲೆಯಲ್ಲಿ. ಹದಿನೆಂಟಕ್ಕೇ ಈ ಹೆರಿಗೆ ಆಸ್ಪತ್ರೆಗೆ ಸೇರಿದವರು, ಈಗ ಐವತ್ತೆಂಟು. 1968ರಿಂದ ಇಲ್ಲಿಯವರೆಗೆ ಮೂವತ್ತೆಂಟು ಸಾವಿರ ಕೇಸ್ ಫೈಲ್.

ಮಧ್ಯಾಹ್ನ ಸೂಪರಿಂಟೆಂಡೆಂಟ್ ಡಾ. ಮಹೇಂದ್ರ ಕರೆಸಿದರು. ಕೂರಿ ಎನ್ನುವ ಮೊದಲೇ, "ಮೇಡಂ, ನಿಮ್ಮ ರೂಮ್ ನಂಗೆ ಬೇಕು."

ಉಸಿರಾಟಕ್ಕೆ ಕಷ್ಟಪಡುವ ಎಳೆಗೂಸುಗಳ ಐಸಿಯು ಮಾಡುತ್ತಾರಂತೆ. ಹತ್ತು ಬೆಡ್. ಆಪರೇಷನ್ ಥಿಯೇಟರಿಗೆ ಅಂಟಿಕೊಂಡ ಜಾಗ ನಮ್ಮದೊಂದೇ. ಹೋದ ವರ್ಷ ಹನ್ನೊಂದು ಮಕ್ಕಳನ್ನು ಬೇರೆ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಕಳಿಸಿದೆವು. ಎರಡು ಮಕ್ಕಳು ಹೆಬ್ಬಾಳ ದಾಟಲಿಲ್ಲ.

"ಎಲ್ಲ ಸ್ಕ್ಯಾನ್ ಮಾಡ್ಸಿ, ಪೇಪರ್ ಕಳಿಸ್ಬಿಡೋಣ. ಆಗಸ್ಟ್ ಕೊನೆಗೆ ರೂಮ್ ಖಾಲಿ ಆಗ್ಬೇಕು. ಸ್ಕ್ಯಾನರ್ ನೀವೇ ಸೆಲೆಕ್ಟ್ ಮಾಡಿ. ಫಾಸ್ಟ್ ಇರ್ಬೇಕು ಕಣ್ರೀ, ಅಷ್ಟೇ."

ಇಲ್ಲ ಎನ್ನಬೇಕು ಅಂತ ಅನಿಸಲಿಲ್ಲ.

12-3-2014, ಬುಧವಾರ, ಬೆಳಿಗ್ಗೆ 7

ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷ ಇದೆ. ಲೆಕ್ಕ ಹಾಕಿಬಿಡೋಣ.

ಫೈಲಿಗೆ ಸರಾಸರಿ ಹನ್ನೆರಡು ಹಾಳೆ. ಒಟ್ಟು ನಾಲ್ಕೂವರೆ ಲಕ್ಷ. ಸಣ್ಣ ಮೆಷಿನ್ ನಿಮಿಷಕ್ಕೆ ಇಪ್ಪತ್ತೈದು ಹಾಳೆ ಎನ್ನುತ್ತದೆ. ಪಿನ್ ಕೀಳುವುದು, ಮಡಿಕೆ ಬಿಡಿಸುವುದು ಎಲ್ಲ ಸೇರಿದರೆ ದಿನಕ್ಕೆ ಮೂರು ಸಾವಿರ. ನೂರೈವತ್ತು ದಿನ. ಭಾನುವಾರ, ಹಬ್ಬ ಕಳೆದರೆ ದೀಪಾವಳಿ ದಾಟುತ್ತದೆ. ನಿಮಿಷಕ್ಕೆ ಎಂಬತ್ತರದ್ದು ತಂದರೆ ದಿನಕ್ಕೆ ಒಂಬತ್ತು ಸಾವಿರ. ಐವತ್ತು ದಿನ.

ಮೂರು ಕಂಪನಿಯ ಬ್ರೋಷರ್ ಊಟದ ಟೇಬಲ್ ಮೇಲೆ ಹರಡಿಕೊಂಡು ಕೂತಿದ್ದೆ. ನನ್ನ ಗಂಡ ಸಿದ್ದಲಿಂಗ ಕಾಲೇಜಿಗೆ ಹೊರಟವರು ನಿಂತು ನೋಡಿದರು. "ಏನ ಇದು, ಕನ್ಯಾಕ್ಕ ವರ ನೋಡಿದಂಗ ಮೂರು ಫೋಟೋ ಹಚ್ಚಿಕೊಂಡು ಕುಂತೀ?" ಲ್ಯಾಬಿನಲ್ಲಿ ಇಪ್ಪತ್ತು ವರ್ಷ ಮೆಷಿನ್‌ಗಳ ಜೊತೆ ಇರುವ ಮನುಷ್ಯ. ಒಂದು ಮಾತು ಮಾತ್ರ ಹೇಳಿದರು — "ಅವರ ಕಾಗದ ಹಾಕಿ ತೋರಿಸ್ತಾರ. ನೀ ನಿನ್ನ ಕಾಗದ ತಗೊಂಡು ಹೋಗು."

20-3-2014, ಗುರುವಾರ

ಡೆಮೊ. ಯಶವಂತಪುರದ ಡೀಲರ್ ವಾಸು ಮೂರು ಮೆಷಿನ್ ಜೋಡಿಸಿಟ್ಟಿದ್ದರು. ಬಿಳಿ ಎ-ಫೋರ್ ಹಾಳೆಯ ಹೊಸ ಕಟ್ಟು ಬಿಚ್ಚಲು ಹೊರಟರು. ಬೇಡ ಎಂದು ನನ್ನ ಚೀಲದಿಂದ 1984ರ ಕಟ್ಟು ತೆಗೆದೆ. ವಾಸುವಿನ ಮುಖ ಸ್ವಲ್ಪ ಬಾಡಿತು.

ಮೊದಲನೆಯದು — ಮೇಲೆ ಗಾಜು, ಪಕ್ಕದಲ್ಲಿ ಹಾಳೆ ಎಳೆದುಕೊಳ್ಳುವ ಫೀಡರ್. ನೂರು ಹಾಳೆಗೆ ಐದು ನಿಮಿಷ. ಹಾಳೆಯನ್ನು ಒಳಗೆ ತಿರುಗಿಸಿ ತರುತ್ತದೆ, ಹಳೆಯ ಲ್ಯಾಬ್ ಚೀಟಿ ಒಂದು ಮಡಚಿಕೊಂಡಿತು. ಎರಡನೆಯದು — ನಿಮಿಷಕ್ಕೆ ನಲವತ್ತು. ಹಾಳೆಗೆ ನೇರ ದಾರಿ, ಸದ್ದು ಕಡಿಮೆ. ಮೂರನೆಯದು ಕಪ್ಪು ಬಣ್ಣದ್ದು, ಎಂಬತ್ತರದ್ದು. ಹಾಳೆಗಳು ಜಲಪಾತದ ಹಾಗೆ ಬಿದ್ದವು. ಎರಡೂ ಬದಿ ಒಂದೇ ಸಲ. ಆದರೆ ಆರು ಸಲ ನಿಂತಿತು, ಕೆಂಪು ದೀಪ ಹೊತ್ತಿತು.

"ಡಬಲ್ ಫೀಡ್ ಸೆನ್ಸರ್ ಮೇಡಂ," ವಾಸು ಹೇಳಿದರು. "ಎರಡು ಹಾಳೆ ಒಟ್ಟಿಗೆ ಹೋದ್ರೆ ಕಂಡುಹಿಡಿಯತ್ತೆ. ಆದ್ರೆ ನಿಮ್ಮ ಪೇಪರಲ್ಲಿ ಚೀಟಿ ಅಂಟಿಸಿದೀರಲ್ಲ, ಅದನ್ನೂ ಎರಡು ಹಾಳೆ ಅನ್ಕೊಳತ್ತೆ."

ಬಿಡಿಸಿ ನೋಡಿದೆ. ಆರರಲ್ಲಿ ನಾಲ್ಕು ಅಂಟಿಸಿದ ಚೀಟಿ. ಉಳಿದೆರಡು ನಿಜಕ್ಕೂ ಜೋಡಿ ಹೋಗಿದ್ದವು. ಎರಡರಲ್ಲೂ ಗುಲಾಬಿ ಹಾಳೆ. ಆಪರೇಷನ್‌ಗೆ ಮುಂಚೆ ಅನಸ್ತೇಶಿಯಾ, ಅಂದರೆ ಮತ್ತಿನ ಇಂಜೆಕ್ಷನ್, ಕೊಡುವ ಡಾಕ್ಟರು ಕಾರ್ಬನ್ ಇಟ್ಟು ಬರೆಯುತ್ತಿದ್ದ ಎರಡನೇ ಪ್ರತಿ. ಊದಿದರೆ ಹಾರುವಷ್ಟು ತೆಳು.

24-3-2014, ಸೋಮವಾರ

ಎರಡನೆಯದು ಮನಸ್ಸಿಗೆ ಬಂದಿತ್ತು. ಲೆಕ್ಕಕ್ಕೆ ಬರಲಿಲ್ಲ. ಅದರಲ್ಲಿ ಮುಗಿಯುವುದು ಸೆಪ್ಟೆಂಬರ್.

ದಾಸಪ್ಪ ಟೀ ತಂದಿಟ್ಟು ನಿಂತರು. "ಮೇಡಂ, ಒಂದ್ ಮಾತ್ ಏಳ್ಲಾ? ಗುಲಾಬಿ ಕಾಗದಾನ ಮೊದ್ಲೇ ಬ್ಯಾರೆ ತಕ್ಕಂಡು, ಗಾಜಿನ ಮೇಲೆ ಒಂದೊಂದೇ ಇಟ್ಟು ತೆಗೆಯಾನ. ಮಿಸನ್‌ಗೆ ಕೊಟ್ರೆ ಜೋಡಿ ಜೋಡಿ ಓಗ್ತವೆ."

ಬೇರೆ ತೆಗೆದರೆ ಫೈಲಿನ ಕ್ರಮ ತಪ್ಪುತ್ತದೆ, ಮತ್ತೆ ಜೋಡಿಸಬೇಕು, ಒಂದೂವರೆ ತಿಂಗಳು ಹೆಚ್ಚು ಎಂದೆ. ಅವರು ಟೀ ತಟ್ಟೆ ಎತ್ತಿಕೊಂಡು ಹೊರಟರು. ರೂಮ್ ಹೋದರೆ ಅವರ ಸ್ಟೂಲೂ ಹೋಗುತ್ತದೆ. ಕೆಲಸ ಎಳೆಯಲು ನೋಡುತ್ತಿದ್ದಾರೆ ಅನಿಸಿತು. ಇದನ್ನು ಇಲ್ಲಿ ಮಾತ್ರ ಬರೆಯಬಹುದು.

ಕಪ್ಪು ಮೆಷಿನ್‌ಗೆ ಸಹಿ ಹಾಕಿದೆ.

21-4-2014, ಸೋಮವಾರ

ಮೆಷಿನ್ ಬಂತು. ವಾರ್ಡಿನ ನರ್ಸ್‌ಗಳೆಲ್ಲ ನೋಡಲು ಬಂದರು. ಕುಂಕುಮ ಇಟ್ಟು ಊದುಬತ್ತಿ ಹಚ್ಚಿದೆವು. ಹೊಗೆ ಒಳಗೆ ಹೋದರೆ ಗಾಜಿಗೆ ಕೂರುತ್ತದೆ ಎಂದು ವಾಸು ಊದುಬತ್ತಿಯನ್ನು ದೂರ ಒಯ್ದು ಕಿಟಕಿಯಲ್ಲಿ ಸಿಕ್ಕಿಸಿದರು.

ನಿಯಮ ಮಾಡಿಕೊಂಡಿದ್ದೇನೆ. ಸ್ಕ್ಯಾನಿಗೆ ಮುಂಚೆ ಪ್ರತಿ ಫೈಲಿನ ಹಾಳೆ ಎಣಿಸುವುದು. ಆಮೇಲೆ ಕಂಪ್ಯೂಟರಿನಲ್ಲಿ ಬಂದದ್ದು ಎಣಿಸುವುದು. ಎರಡೂ ಒಂದೇ ಆದರೆ ಮಾತ್ರ ಟಿಕ್.

6-5-2014, ಮಂಗಳವಾರ

ಎರಡು ವಾರ. ದಿನಕ್ಕೆ ನಾಲ್ಕು ಸಾವಿರ ದಾಟುತ್ತಿಲ್ಲ. ಮೆಷಿನ್ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಚೀಟಿ, ಕೆಂಪು ದೀಪ. ಮುಚ್ಚಳ ತೆಗಿ, ಹಾಳೆ ಎಳಿ, ಮತ್ತೆ ಇಡು. ಮತ್ತೆ ಚೀಟಿ. ಬೆರಳ ತುದಿಯೆಲ್ಲ ಪಿನ್ ಚುಚ್ಚಿದ ಗಾಯ. ಸಂಜೆ ಐದಕ್ಕೆ ಸರಿಯಾಗಿ ಡಾ. ಮಹೇಂದ್ರ ಅವರ ಮೆಸೇಜ್ — "ಟುಡೇ ಹೌ ಮೆನಿ?"

ಬೆಳಿಗ್ಗೆ ಒಂದು ಮಗುವನ್ನು ಹೊರಗೆ ಕಳಿಸಿದರು. ಏಳು ತಿಂಗಳಿಗೇ ಹುಟ್ಟಿದ್ದು. ಅಜ್ಜಿ ಆಂಬುಲೆನ್ಸಿನ ಹಿಂದೆ ಗೇಟಿನವರೆಗೂ ಓಡಿದರು, ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿ. ನಾನು ಕಿಟಕಿಯಲ್ಲಿ ನಿಂತಿದ್ದೆ. ಆ ಮಗುವಿಗೆ ಬೇಕಾದ ಜಾಗದಲ್ಲಿ ನಿಂತಿದ್ದೆ.

9-5-2014, ಶುಕ್ರವಾರ

ವಾಸುಗೆ ಫೋನ್ ಮಾಡಿದೆ. ಸೆಟ್ಟಿಂಗ್ಸ್‌ನಲ್ಲಿ ಸೆನ್ಸರ್ ಆಫ್ ಮಾಡುವುದು ಹೇಗೆ ಅಂತ ಕೇಳಿದೆ. "ಮಾಡ್ಬೋದು ಮೇಡಂ, ಸ್ಮೂತಾಗಿ ಓಡತ್ತೆ. ಆದ್ರೆ ಎಣಿಸೋದು ಮಾತ್ರ ಬಿಡ್ಬೇಡಿ," ಎಂದರು.

ಆಫ್ ಮಾಡಿದೆ. ಎಂಟು ಸಾವಿರದ ಇನ್ನೂರು.

2-6-2014, ಸೋಮವಾರ

ಹನ್ನೊಂದು ಸಾವಿರ! ಡಾ. ಮಹೇಂದ್ರ ಮೀಟಿಂಗಿನಲ್ಲಿ ನನ್ನ ಹೆಸರು ಹೇಳಿ ಚಪ್ಪಾಳೆ ಹೊಡೆಸಿದರು. ಮೈ ಬೆಚ್ಚಗಾಯಿತು, ಸುಳ್ಳು ಯಾಕೆ.

ಮೊದಲ ಲಾರಿ ಹೋಯಿತು. 1968ರಿಂದ 1978. ಚೂರು ಮಾಡಿ, ಕಾರ್ಖಾನೆಯಲ್ಲಿ ಬೇಯಿಸಿ ರಟ್ಟು ಮಾಡುತ್ತಾರಂತೆ. ಲಾರಿಯವನು ಕೊಟ್ಟ ಫಾರಂನಲ್ಲಿ ಒಂದು ಸಾಲು — "ಸ್ಕ್ಯಾನ್ ಆಗಿದೆ, ಪರಿಶೀಲಿಸಲಾಗಿದೆ." ಕೆಳಗೆ ಸಹಿ ಹಾಕಿದೆ.

ಎಣಿಸುವುದನ್ನು ಬಿಟ್ಟು ಹತ್ತು ದಿನವಾಯಿತು. ಎಣಿಸುತ್ತ ಕೂತರೆ ಮೆಷಿನ್ ಖಾಲಿ ಕೂರುತ್ತದೆ. ಹತ್ತರಲ್ಲಿ ಒಂದು ಫೈಲ್ ತೆರೆದು ನೋಡುತ್ತೇನೆ... ನೋಡುತ್ತಿದ್ದೆ.

15-7-2014, ಮಂಗಳವಾರ

ಮೂರನೇ ಲಾರಿ. 1993ರವರೆಗೆ ಖಾಲಿ. ಅರ್ಧ ರೂಮಿನಲ್ಲಿ ಟೈಲ್ಸ್ ಕೆಲಸ ಶುರು. ದಾಸಪ್ಪ ಖಾಲಿ ರ‍್ಯಾಕ್ ಒರೆಸುತ್ತಿದ್ದರು.

24-7-2014, ಗುರುವಾರ, ಸಂಜೆ 6

ಬರೆಯಲೇಬೇಕು.

ಹನ್ನೊಂದು ಗಂಟೆಗೆ ಒಬ್ಬ ಹೆಂಗಸು ಬಂದರು. ಜಹೀರಾ. ಇಲ್ಲೇ ಆರ್.ಟಿ. ನಗರದಲ್ಲಿ ಬ್ಲೌಸ್ ಹೊಲಿಯುತ್ತಾರೆ. ಕುತ್ತಿಗೆಯಲ್ಲಿ ಅಳತೆ ಟೇಪ್ ಹಾಗೇ ಇತ್ತು. ಮಗಳು ನೂರ್‌ಜಹಾನ್ ನಮ್ಮಲ್ಲೇ ತೋರಿಸುತ್ತಿದ್ದಾಳೆ. ಬರುವ ಗುರುವಾರ ಸಿಸೇರಿಯನ್.

"ನಂದು 91ರ ಫೈಲ್ ಬೇಕು ಮೇಡಂ. ಇವ್ಳು ಹುಟ್ಟಿದಾಗ್ಲೇ. ನಂಗೆ ಆಪರೇಷನ್ ಆಗಿ ಎಷ್ಟೋ ಹೊತ್ತು ಉಸಿರೇ ಬರ್ಲಿಲ್ಲ ಅಂತೆ. ಮತ್ತಿನ ಇಂಜೆಕ್ಷನ್ ಕೊಡೋ ಡಾಕ್ಟ್ರು ಆನಂದಪ್ಪ ಅಂತ ಇದ್ರು. ಅವ್ರೇ ಕೈಯಲ್ಲಿ ಬಲೂನು ಒತ್ತಿ ಒತ್ತಿ ಉಸಿರಾಡ್ಸಿದ್ರು, ಸಾಯಂಕಾಲದ ತನಕ. ಆಮೇಲೆ ನಂಗೆ ಹೇಳಿದ್ರು — ನೋಡಮ್ಮ, ಒಂದು ಔಷಧಿ ನಿನ್ನ ಮೈಗೆ ಆಗಲ್ಲ, ಮಕ್ಕಳಿಗೂ ಬರ್ಬೋದು. ಎಲ್ಲ ಫೈಲಲ್ಲಿ ಬರ್ದಿದೀನಿ, ಬೇಕಾದಾಗ ಕೇಳು ಅಂದ್ರು. ಅದ್ಕೆ ಕೇಳೋಕ್ ಬಂದೆ."

ಇಪ್ಪತ್ಮೂರು ವರ್ಷದಿಂದ ಆ ಫೈಲನ್ನು ನಂಬಿಕೊಂಡು ಬಂದವರು.

ಕಂಪ್ಯೂಟರಿನಲ್ಲಿ ಎರಡೇ ನಿಮಿಷದಲ್ಲಿ ಸಿಕ್ಕಿತು. ಹೆಮ್ಮೆಯಿಂದ ಸ್ಕ್ರೀನ್ ಅವರ ಕಡೆ ತಿರುಗಿಸಿದೆ. ಅಡ್ಮಿಷನ್, ಬಿಪಿ ಚಾರ್ಟ್, ಆಪರೇಷನ್ ನೋಟ್ಸ್, ಮಗುವಿನ ತೂಕ. ಮತ್ತೆ ಮೊದಲಿನಿಂದ ನೋಡಿದೆ. ಗುಲಾಬಿ ಹಾಳೆ ಇಲ್ಲ. ಆಪರೇಷನ್ ನೋಟ್ಸಿನಲ್ಲಿ ಒಂದು ಸಾಲು — "ಮತ್ತಿನ ವಿವರಕ್ಕೆ ಪ್ರತ್ಯೇಕ ಹಾಳೆ ನೋಡಿ."

"ಆ ಹಾಳೆ ಇಲ್ಲಮ್ಮ."

"ಇರ್ಲೇಬೇಕು ಮೇಡಂ. ಡಾಕ್ಟ್ರು ನನ್ನ ಮುಂದೇನೇ ಬರೆದ್ರು."

91ರ ಕಟ್ಟು ಹೋದದ್ದು ಎರಡನೇ ಲಾರಿಯಲ್ಲಿ, ಜೂನ್ 20. ಸಹಿ ನನ್ನದು.

ಈಗಿನ ಮತ್ತಿನ ಡಾಕ್ಟರ ಹತ್ತಿರ ಅವರನ್ನು ಕರೆದುಕೊಂಡು ಹೋದೆ. ಜಹೀರಾ ನೆನಪಿದ್ದದ್ದೆಲ್ಲ ಹೇಳಿದರು. ಡಾಕ್ಟರು ಗಂಭೀರವಾದರು. ಯಾವ ಔಷಧಿ ಎಂಬ ಅಂದಾಜಿದೆ, ಆದರೆ ಬರಹದಲ್ಲಿ ಇದ್ದಿದ್ದರೆ ಚೆನ್ನಾಗಿತ್ತು ಎಂದರು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಆಪರೇಷನ್ ಮಾಡುತ್ತಾರೆ. ಅದು ಹಿಡಿಯದಿದ್ದರೆ ಪೂರ್ತಿ ಮತ್ತು ಕೊಡಬೇಕು. ತಪ್ಪಿಸಬೇಕಾದ್ದು ಯಾವುದು ಎಂದು ಆಗ ಖಚಿತ ಗೊತ್ತಿರಬೇಕು. ಮಗಳ ರಕ್ತ ಟೆಸ್ಟಿಗೆ ಕಳಿಸಿದರು. ವರದಿ ಬರಲು ಹತ್ತು ದಿನ.

ಫೈಲ್ ಏನಾಯಿತು ಎಂದು ಜಹೀರಾಗೆ ನಾನು ಹೇಳಲಿಲ್ಲ.

25-7-2014, ಶುಕ್ರವಾರ

ಒಂದೇ ಫೈಲ್ ಇರಬಹುದು ಎಂದುಕೊಂಡಿದ್ದೆ. 1994ರದ್ದು ಸ್ಕ್ಯಾನ್ ಆಗಿದೆ, ಕಾಗದ ಇನ್ನೂ ಇಲ್ಲೇ ಇದೆ. ಬೆಳಿಗ್ಗೆಯಿಂದ ಇನ್ನೂರು ಫೈಲ್ ಎಣಿಸಿದೆ. ಕಾಗದ ಒಂದು ಕಡೆ, ಸ್ಕ್ರೀನ್ ಒಂದು ಕಡೆ.

ಇನ್ನೂರರಲ್ಲಿ ಮೂವತ್ತೊಂದು ಫೈಲಿನಲ್ಲಿ ಹಾಳೆ ಬಿಟ್ಟುಹೋಗಿದೆ. ಇಪ್ಪತ್ತೇಳರಲ್ಲಿ ಗುಲಾಬಿ.

ಲಾರಿಯಲ್ಲಿ ಹೋದದ್ದು ಹತ್ತೊಂಬತ್ತು ಸಾವಿರ ಫೈಲ್. ಎಣಿಸಿದ ಮೊದಲ ತಿಂಗಳದ್ದು ಬಿಟ್ಟರೂ... ಗುಣಿಸಿದೆ. ಹೊಡೆದುಹಾಕಿದೆ. ಮತ್ತೆ ಗುಣಿಸಿದೆ.

ದಾಸಪ್ಪನವರಿಗೆ ಹೇಳಿದೆ. ಆಗಲೇ ಹೇಳಿರಲಿಲ್ಲವೇ ಎನ್ನುತ್ತಾರೆ ಎಂದುಕೊಂಡಿದ್ದೆ. ಅನ್ನಲಿಲ್ಲ. ಕೈಯಲ್ಲಿದ್ದ ಕಟ್ಟು ಕೆಳಗಿಟ್ಟು, "ಜೋಡಿ ಓಗದು ನಾನೂ ನೋಡ್ದೆ ಮೇಡಂ. ಒಂದೆಲ್ಡು ದಪ. ಏಳಿದ್ರೆ, ಈ ಮುದ್ಕ ಸ್ಟೂಲ್ ಉಳಿಸ್ಕಳಾಕ್ ಏಳ್ತಾವ್ನೆ ಅಂತೀರೇನೋ ಅಂದ್ಕಂಡು ಸುಮ್ಕಾದೆ."

ನಾನು ಹಾಗೇ ಅಂದುಕೊಂಡಿದ್ದೆ. ಅವರಿಗೆ ಅದು ಗೊತ್ತಿತ್ತು.

26-7-2014, ಶನಿವಾರ

ಸಿದ್ದಲಿಂಗ ಚಪಾತಿ ಲಟ್ಟಿಸುತ್ತಿದ್ದರು, ನಾನು ಬೇಯಿಸುತ್ತಿದ್ದೆ. ಎಲ್ಲ ಹೇಳಿದೆ. ಯಾರಿಗೂ ಗೊತ್ತಿಲ್ಲ, ಕಾಗದವೇ ಇಲ್ಲದ ಮೇಲೆ ಗೊತ್ತಾಗುವುದೂ ಇಲ್ಲ ಎಂದೆ. ಹಳೆಯ ಫೈಲಿನಲ್ಲಿ ಹಾಳೆ ಮೊದಲೇ ಇರಲಿಲ್ಲ ಎಂದರೆ ಯಾರೂ ಕೇಳುವುದಿಲ್ಲ. ಅರ್ಧ ನಿಜವೂ ಹೌದು. ಎಷ್ಟೋ ಫೈಲ್‌ಗಳಲ್ಲಿ ನಿಜಕ್ಕೂ ಇಲ್ಲ.

ಲಟ್ಟಣಿಗೆ ನಿಂತಿತು. "ಹಂಗಾರ ನಂಗ್ಯಾಕ ಹೇಳಿದಿ?"

ತವೆಯ ಮೇಲೆ ಚಪಾತಿ ಸೀದುಹೋಯಿತು.

28-7-2014, ಸೋಮವಾರ

ಹೇಳಿದೆ.

ಡಾ. ಮಹೇಂದ್ರ ಮೊದಲು ಕೇಳಿದ್ದು, "ಆ ಹುಡುಗಿ ಆಪರೇಷನ್ ಯಾವತ್ತು?" ಗುರುವಾರ ಎಂದೆ. ಮತ್ತಿನ ಡಾಕ್ಟರಿಗೆ ಗೊತ್ತಿದೆ ಎಂದೆ. ಆಮೇಲೆ ಡ್ರಾಯರಿನಿಂದ ಮೂರು ಫಾರಂ ತೆಗೆದು ನನ್ನ ಮುಂದೆ ಹಾಕಿದರು.

"ಪರಿಶೀಲಿಸಲಾಗಿದೆ ಅಂತ ಸೈನ್ ಹಾಕಿದೀರಲ್ರೀ!"

"ಹಾಕಿದೀನಿ ಸರ್."

"ಪರಿಶೀಲಿಸಿದ್ರಾ?"

"ಇಲ್ಲ ಸರ್."

"ಫಾಸ್ಟ್ ಇರ್ಲಿ ಅಂದೆ. ಕಣ್ಮುಚ್ಕೊಂಡು ಮಾಡಿ ಅಂದ್ನಾ?"

ಸೆನ್ಸರ್ ಆಫ್ ಮಾಡಿದ್ದು ನಾನು, ವಾಸು ಅಲ್ಲ ಎಂದು ಹೇಳಿದೆ. ದಾಸಪ್ಪ ಮೊದಲೇ ಎಚ್ಚರಿಸಿದ್ದರು ಎಂದೂ ಹೇಳಿದೆ. ದಾಸಪ್ಪ ಆಮೇಲೆ ಸುಮ್ಮನಾಗಿದ್ದನ್ನು ಹೇಳಲಿಲ್ಲ. ಅದಕ್ಕೆ ಕಾರಣ ನಾನೇ.

ಅವರು ಕಿಟಕಿಯ ಹತ್ತಿರ ಹೋಗಿ ನಿಂತರು. ಕೆಳಗೆ ಟೈಲ್ಸ್ ಕತ್ತರಿಸುವ ಸದ್ದು. "ನಾನೂ ಒಂದಿನ ಬಂದು ನೋಡ್ಲಿಲ್ಲ," ಎಂದರು. ನನಗಲ್ಲ, ಗಾಜಿಗೆ ಹೇಳಿದ ಹಾಗೆ. ತಿರುಗಿದಾಗ ಮತ್ತೆ ಮೊದಲಿನ ಮುಖ. "ಮೆಮೊ ಬರತ್ತೆ. ಮುಂದಿನ ಲಾರಿ ಕ್ಯಾನ್ಸಲ್. ಉಳಿದಿದ್ದಕ್ಕೆ ಏನ್ ಮಾಡ್ಬೇಕು, ಬರ್ಕೊಂಡ್ ಬನ್ನಿ."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಬರೆಯಲು ಶುರು ಮಾಡಿದೆ.

31-7-2014, ಗುರುವಾರ

ಎಂಟೂವರೆಗೆ ನೂರ್‌ಜಹಾನ್‌ಳನ್ನು ಒಳಗೆ ಕರೆದುಕೊಂಡು ಹೋದರು. ಮೊನ್ನೆ ರಂಜಾನ್ ಆಗಿದೆ, ಅಂಗೈಯಲ್ಲಿ ಮೆಹೆಂದಿ ಇನ್ನೂ ಕೆಂಪಗಿತ್ತು. ನನಗೆ ಅಲ್ಲಿ ಕೆಲಸವಿರಲಿಲ್ಲ. ಹೋಗಿ ಜಹೀರಾ ಪಕ್ಕ ಬೆಂಚಿನ ಮೇಲೆ ಕೂತೆ.

ಕೂತ ಮೇಲೆ ಹೇಳದೆ ಇರಲು ಆಗಲಿಲ್ಲ. ಆ ಹಾಳೆ ಫೈಲಿನಲ್ಲಿ ಇತ್ತು, ನನ್ನ ಕೈಯಲ್ಲೇ ಹೋಯಿತು, ಹೇಗೆ ಹೋಯಿತು, ಎಲ್ಲ.

ಜಹೀರಾ ಥಿಯೇಟರ್ ಬಾಗಿಲನ್ನೇ ನೋಡುತ್ತಿದ್ದರು. ಕಣ್ಣು ಕೀಳದೆಯೇ ಮೆಲ್ಲಗೆ, "ಈಗ ಹೇಳ್ಬೇಡಿ ಮೇಡಂ. ಮೊದ್ಲು ಮಗು ಹೊರಗೆ ಬರ್ಲಿ. ಕೋಪ ಆಮೇಲೆ ಮಾಡ್ಕೋತೀನಿ."

ಎದ್ದು ಹೋಗಬೇಕೆಂದುಕೊಂಡೆ. ಅವರ ಕೈ ನನ್ನ ಸೆರಗಿನ ತುದಿಯ ಮೇಲಿತ್ತು. ಗೊತ್ತಿದ್ದೋ ಗೊತ್ತಿಲ್ಲದೆಯೋ. ಕೂತೆ.

ಒಂಬತ್ತೂವರೆಗೆ ಹೆಣ್ಣು ಮಗು. ಅಮ್ಮನೂ ಕ್ಷೇಮ. ಬೆನ್ನಿನ ಇಂಜೆಕ್ಷನ್ ಮೊದಲ ಸಲ ಹಿಡಿಯಲಿಲ್ಲವಂತೆ. ಎರಡನೇ ಸಲ ಹಿಡಿಯಿತು. ಮತ್ತಿನ ಡಾಕ್ಟರು ಕೈ ತೊಳೆಯುತ್ತ ಹೇಳಿದರು, "ಬೇರೆ ಔಷಧಿ ಸಿರಿಂಜಿಗೆ ಲೋಡ್ ಮಾಡಿ ಪಕ್ಕದಲ್ಲೇ ಇಟ್ಕೊಂಡಿದ್ದೆ. ಆ ತಾಯಿ ನೆನಪಿಟ್ಕೊಂಡು ಹೇಳಿದ್ದಕ್ಕೆ."

ನೆನಪಿಟ್ಟುಕೊಳ್ಳದ ತಾಯಂದಿರು? ತೀರಿಹೋದ ತಾಯಂದಿರು?

6-8-2014, ಬುಧವಾರ

ಮೆಮೊ ಬಂತು. ಮೂರು ಸಾಲಿನ ಉತ್ತರ ಬರೆದೆ. ಇನ್‌ಚಾರ್ಜ್ ಹುದ್ದೆಯ ತೀರ್ಮಾನ ಈ ಕೆಲಸ ಮುಗಿದ ಮೇಲಂತೆ.

ರಕ್ತದ ವರದಿಯೂ ಬಂತು. ನೂರ್‌ಜಹಾನ್ ಮೈಗೂ ಆ ಔಷಧಿ ಆಗುವುದಿಲ್ಲ. ಅವಳ ಹೊಸ ಫೈಲಿನ ಮೇಲೆ ಕೆಂಪು ಅಕ್ಷರದಲ್ಲಿ ಬರೆದು ಅಂಟಿಸಿದ್ದಾರೆ. ನೋಡಿ ಬಂದೆ.

ಉಳಿದ ಕಟ್ಟುಗಳಿಗೆ ನರ್ಸ್ ಹಾಸ್ಟೆಲಿನ ಕೆಳಗಿನ ಹಾಲ್ ಕೊಟ್ಟರು. ಎರಡು ದಿನದಲ್ಲಿ ಜಾಗ ಸಿಕ್ಕಿತು. ಐಸಿಯು ಕೆಲಸ ಒಂದು ದಿನವೂ ನಿಲ್ಲಲಿಲ್ಲ. ಮಾರ್ಚ್‌ನಲ್ಲಿ ಯಾರೂ ಆ ಹಾಲ್ ನೆನಪಿಸಿಕೊಂಡಿರಲಿಲ್ಲ. ನಾನೂ ಕೇಳಿರಲಿಲ್ಲ.

ಈಗಿನ ಪದ್ಧತಿ: ಕಪ್ಪು ಮೆಷಿನ್ ಇರುತ್ತದೆ, ಸೆನ್ಸರ್ ಆನ್. ಜೊತೆಗೆ ವಾಸು ಹತ್ತಿರ ಗಾಜಿನದೊಂದು ಸಣ್ಣ ಮೆಷಿನ್ ತರಿಸಿದೆ. ಗುಲಾಬಿ ಹಾಳೆ, ಚೀಟಿ ಅಂಟಿಸಿದ್ದು, ಹರಿದದ್ದು ಎಲ್ಲ ದಾಸಪ್ಪ ಬೇರೆ ತೆಗೆದು ಗಾಜಿನ ಮೇಲೆ ಇಡುತ್ತಾರೆ. ಅದರ ಜಾಗದಲ್ಲಿ ಹಸಿರು ಹಾಳೆ ಇಟ್ಟು ನಂಬರ್ ಬರೆಯುತ್ತಾರೆ, ಕ್ರಮ ತಪ್ಪುವುದಿಲ್ಲ. ಹಸಿರು ಹಾಳೆಯ ಉಪಾಯ ಅವರದ್ದೇ. ದಿನಕ್ಕೆ ಎರಡು ಸಾವಿರದ ಎಂಟುನೂರು. ಎಣಿಸಿದ್ದು.

ಲಾರಿಯಲ್ಲಿ ಹೋದ ಫೈಲ್‌ಗಳ ಸ್ಕ್ಯಾನಿನ ಮೊದಲ ಪುಟದಲ್ಲಿ ಒಂದು ಸಾಲು ಸೇರಿಸಬೇಕಿತ್ತು — "ಈ ಫೈಲಿನ ಕೆಲವು ಹಾಳೆಗಳು ಸ್ಕ್ಯಾನ್ ಮಾಡುವಾಗ ಕಳೆದಿರಬಹುದು." ಹತ್ತೊಂಬತ್ತು ಸಾವಿರಕ್ಕೂ ಕಂಪ್ಯೂಟರಿನಲ್ಲಿ ಒಂದೇ ಸಲ ಹಾಕಬಹುದು ಎಂದು ವಾಸು ಹೇಳಿದರು. ಹಾಗೇ ಮಾಡಿದೆವು. ಆದರೆ ಆ ಸಾಲು ಕಳೆದದ್ದೇನೆಂದು ಹೇಳುವುದಿಲ್ಲ.

"ಆನಂದಪ್ಪ ಡಾಕ್ಟ್ರು ಇನ್ನೂ ಅವ್ರೆ ಮೇಡಂ," ಎಂದರು ದಾಸಪ್ಪ, ಹಾಳೆ ಬಿಡಿಸುತ್ತಲೇ. "ಯಲಹಂಕದಾಗೆ, ಮಗಳ ಮನೇಲಿ. ಎಂಬತ್ತಾಗೈತೆ. ಓಗಿ ಕೇಳಾನ?"

10-8-2014, ಭಾನುವಾರ

ಹೋಗಿದ್ದೆವು. ಕೋಗಿಲು ಕ್ರಾಸಿನಲ್ಲಿ ದಾಸಪ್ಪ ನನಗಾಗಿ ಕಾಯುತ್ತಿದ್ದರು, ಇಸ್ತ್ರಿ ಮಾಡಿದ ಬಿಳಿ ಶರ್ಟು.

ಹಳೆ ಯಲಹಂಕದ ಬೀದಿ. ಡಾ. ಆನಂದಪ್ಪ ಹೊರಗೆ ಕುರ್ಚಿಯಲ್ಲಿ ಕೂತು ಮೊಮ್ಮಗಳಿಗೆ ಕಡಲೆಕಾಯಿ ಸುಲಿದುಕೊಡುತ್ತಿದ್ದರು. ದಾಸಪ್ಪನ ಗುರುತು ತಕ್ಷಣ ಹಿಡಿದರು. ಜಹೀರಾ ಹೆಸರು ಹೇಳಿದೆ. ಕಣ್ಣು ಮುಚ್ಚಿದರು.

"ಟೈಲರಿಂಗ್ ಮಾಡೋ ಹುಡುಗಿ. ಐದೂವರೆ ಗಂಟೆ ಉಸಿರಿನ ಬ್ಯಾಗ್ ಒತ್ತಿದೆ. ನಡುವೆ ಒಂದ್ಸಲ ನರ್ಸಿಗೆ ಕೊಟ್ಟು ಮುಖ ತೊಳ್ಕೊಂಡು ಬಂದೆ, ಅಷ್ಟೇ. ಬದುಕಿದಾಳಾ?"

"ಅಜ್ಜಿ ಆಗಿದಾರೆ ಸರ್."

ನಕ್ಕರು. ಆಮೇಲೆ ನಾನು ಬಂದ ಕಾರಣ ಹೇಳಿದೆ. ಹಾಳೆಗಳು ಹೇಗೆ ಹೋದವು ಎಂದು ಮುಚ್ಚಿಡಲಿಲ್ಲ. ಅವರು ಬೈಯಲಿಲ್ಲ. ಒಳಗೆ ಹೋಗಿ, ಬಹಳ ಹೊತ್ತಿನ ಮೇಲೆ ಉದ್ದದ ನೋಟ್‌ಬುಕ್ ಒಂದನ್ನು ತಂದರು. ಕ್ಯಾಲಿಕೋ ಬಟ್ಟೆಯ ಬೈಂಡು.

"ಎಲ್ಲ ಕೇಸೂ ಬರ್ಕೊಂಡಿಲ್ಲಮ್ಮ. ಇಪ್ಪತ್ತಾರು ವರ್ಷದಲ್ಲಿ ಕೈ ನಡುಗಿದ ದಿನ ಮಾತ್ರ ಬರ್ಕೊಂಡೆ. ಯಾವ ಔಷಧಿ, ಏನಾಯ್ತು, ಏನ್ ಮಾಡಿದೆ. ಅರವತ್ಮೂರು."

ತೆರೆದು ನೋಡಿದೆ. ಹೆಸರು, ವಯಸ್ಸು, ನಮ್ಮ ಫೈಲ್ ನಂಬರ್. ಸಣ್ಣ ಅಕ್ಷರ, ನೀಲಿ ಶಾಯಿ. ಕಳೆದದ್ದು ಸಾವಿರಗಟ್ಟಲೆ. ಆದರೆ ಅದರಲ್ಲಿ ಜೀವಕ್ಕೆ ಬೇಕಾದವು ಎಷ್ಟೋ ಇಲ್ಲಿದ್ದವು.

"ತಗೊಂಡ್ ಹೋಗಿ. ನಾನು ಹೋದ್ಮೇಲೆ ರದ್ದಿಗೇ ಹೋಗೋದು." ಕೊಡುತ್ತ, ಹಿಡಿದ ಕೈ ಬಿಡಲಿಲ್ಲ. "ಒಂದ್ ಕಡೆ ಎರಡು ಹಾಳೆ ಸೇರಿಸಿ ಪಿನ್ ಹೊಡ್ದಿದೀನಿ. ಅದನ್ನ ಬಿಟ್ಬಿಡಿ. ಅದು ನನ್ನದು."

ಆಯಿತು ಎಂದೆ.

19-8-2014, ಮಂಗಳವಾರ

ನೋಟ್‌ಬುಕ್ ಮುಗಿಯಿತು. ಬೈಂಡ್ ಬಿಚ್ಚಲಿಲ್ಲ. ಗಾಜಿನ ಮೇಲೆ ಒಂದೊಂದೇ ಪುಟ, ಕೈಯಲ್ಲಿ ಒತ್ತಿ ಹಿಡಿದು. ಅರವತ್ತೆರಡು ಕೇಸ್. ಒಂದೊಂದನ್ನೂ ಅದರದರ ಫೈಲಿಗೆ ಸೇರಿಸಿದೆ. ಅರವತ್ತೆರಡರಲ್ಲಿ ನಲವತ್ತು ಜನರ ಗುಲಾಬಿ ಹಾಳೆ ನಮ್ಮಲ್ಲಿ ಸುರಕ್ಷಿತವಾಗಿಯೇ ಇತ್ತು. ಇಪ್ಪತ್ತೆರಡು ಇರಲಿಲ್ಲ. ಇಪ್ಪತ್ತೆರಡು ವಾಪಸ್ ಬಂದ ಹಾಗೆ.

ಪಿನ್ ಹೊಡೆದ ಜಾಗ ಬಂದಾಗ ಎರಡೂ ಹಾಳೆ ಸೇರಿಸಿ ತಿರುವಿದೆ. ಬೆಳಕಿಗೆ ಹಿಡಿದರೆ ಅಕ್ಷರ ಕಾಣುತ್ತಿತ್ತೇನೋ. ಹಿಡಿಯಲಿಲ್ಲ.

ಮಧ್ಯಾಹ್ನ ಜಹೀರಾ ಬಂದರು. ಹೇಳಿದ ಹಾಗೆ ಕೋಪ ಮಾಡಿಕೊಂಡರು. ಹಾಸ್ಟೆಲ್ ಹಾಲಿನಲ್ಲಿ, ದಾಸಪ್ಪನ ಮುಂದೆ, ನಿಂತುಕೊಂಡೇ. "ನಾವೆಲ್ಲ ಓದಿಲ್ಲ ಮೇಡಂ. ನಮ್ಮ ಕಡೆ ಏನೂ ಬರ್ದಿಟ್ಕೊಂಡಿಲ್ಲ. ನೀವು ಇಟ್ಟಿರ್ತೀರಾ ಅಂತ ನಾವು ನಿಶ್ಚಿಂತೆಯಾಗಿ ಇರೋದು. ನನ್ನ ಮಗ್ಳು ಒಳಗೆ ಹೋದಾಗ ನನ್ನ ಜೀವ ಎಲ್ಲಿತ್ತು ಗೊತ್ತಾ ನಿಮ್ಗೆ?"

ಅವರು ಮುಗಿಸಿದ ಮೇಲೆ ಡಾ. ಆನಂದಪ್ಪನವರ ಪುಟದ ಪ್ರಿಂಟ್ ಕೊಟ್ಟೆ, ಎರಡು ಪ್ರತಿ, ಲ್ಯಾಮಿನೇಟ್ ಮಾಡಿಸಿ. ಒಂದು ಅವರಿಗೆ, ಒಂದು ಮೊಮ್ಮಗಳಿಗೆ. ಔಷಧಿಯ ಹೆಸರನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಬರೆಸಿದ್ದೆ. ಉರ್ದು ಬರೆದುಕೊಟ್ಟದ್ದು ನಮ್ಮ ಫಾರ್ಮಸಿಯ ಮಜೀದ್. ಜಹೀರಾ ಉರ್ದು ಅಕ್ಷರ ಕೂಡಿಸಿಕೊಂಡು ಅದನ್ನು ಓದಿದರು. ಮತ್ತೆ ಓದಿದರು. ಬ್ಯಾಗಿನಲ್ಲಿಟ್ಟುಕೊಂಡು ಹೋದರು.

24-8-2014, ಭಾನುವಾರ, ಸಂಜೆ 5

ನೋಟ್‌ಬುಕ್ ವಾಪಸ್ ಕೊಡಲು ಯಲಹಂಕಕ್ಕೆ ಹೋದೆ. ಒಬ್ಬಳೇ. ಡಾ. ಆನಂದಪ್ಪ ಪುಟ ತಿರುವಿ ಪಿನ್ ಮುಟ್ಟಿ ನೋಡಿದರು. ತುಕ್ಕು ಹಿಡಿದ ಪಿನ್, ಇದ್ದಲ್ಲೇ ಇತ್ತು.

"ನೋಡ್ಲಿಲ್ವಾ?"

"ಇಲ್ಲ ಸರ್."

"ಎಷ್ಟು ಆಯ್ತು?"

"ಅರವತ್ತೆರಡು."

ಮೇಲೆ ವಿಮಾನವೊಂದು ಹೋಯಿತು. ಸದ್ದು ಅಡಗಿದ ಮೇಲೆ ಕೇಳಿದರು, "ನೀವು ಸೂಪರಿಂಟೆಂಡೆಂಟ್ ಹತ್ರ ಹೋಗಿ ಹೇಳಿದ್ರಲ್ಲ, ಯಾರಾದ್ರೂ ಹೇಳು ಅಂದ್ರಾ?"

"ಇಲ್ಲ ಸರ್. ಮನೇಲಿ ಒಂದು ಪ್ರಶ್ನೆ ಕೇಳಿದ್ರು, ಅಷ್ಟೇ."

"ಹೇಳಿದ್ಮೇಲೆ ಹಗುರ ಆಯ್ತಾ?"

ಸುಳ್ಳು ಹೇಳಬಾರದು ಅನಿಸಿತು. "ಇಲ್ಲ ಸರ್. ಆದ್ರೆ ಕೆಲಸ ಶುರು ಮಾಡೋಕೆ ಆಯ್ತು."

ಅವರು ಉಗುರಿನಿಂದ ಪಿನ್ ಎಬ್ಬಿಸಲು ನೋಡಿದರು. ಉಗುರು ಜಾರಿತು. ನಾನು ಕೈ ಚಾಚಲಿಲ್ಲ. ಮೂರನೇ ಸಲಕ್ಕೆ ಪಿನ್ ಬಂತು. ಹಾಳೆ ಬಿಡಿಸಿ ಕಣ್ಣಿಗೆ ಹತ್ತಿರ ಹಿಡಿದರು, ದೂರ ಹಿಡಿದರು. ಶಾಯಿ ಎದುರಿನ ಪುಟಕ್ಕೆ ಇಳಿದು ಕಲಸಿಹೋಗಿತ್ತು.

"ಓದಕ್ಕಾಗಲ್ಲ," ಎಂದರು. "ಪರವಾಗಿಲ್ಲ. ನಂಗೆ ಬಾಯಿಗೇ ಬರತ್ತೆ. ಬರ್ಕೊಳಿ. ತೀರಿಹೋದ ಆ ತಾಯಿಗೆ ಮಗ ಒಬ್ಬ ಇದ್ದ, ಎರಡು ವರ್ಷದೋನು. ಈಗ ಎಲ್ಲಿದಾನೋ. ಅವನಿಗೆ ಅಮ್ಮನ ಫೈಲಲ್ಲಿ ಇದು ಸಿಗ್ಬೇಕು."

ಚೀಲದಲ್ಲಿ ಬೇರೆ ಕಾಗದ ಇರಲಿಲ್ಲ. ಈ ಡೈರಿ ಇತ್ತು. ಇದರಲ್ಲೇ ಬರೆದುಕೊಳ್ಳುತ್ತಿದ್ದೇನೆ, ಅವರ ಎದುರಿಗೇ ಕೂತು, ಅವರು ಹೇಳಿದ ಹಾಗೆ. ನಾಳೆ ಗಾಜಿನ ಮೇಲೆ ಇಡುತ್ತೇನೆ.

"ಹೆಸರು ಗೋಪಾಲಮ್ಮ. ವಯಸ್ಸು ಇಪ್ಪತ್ತೆರಡು. ಎರಡನೇ ಹೆರಿಗೆ. 1979, ಮಾರ್ಚ್ ಹದಿನಾಲ್ಕು, ಬೆಳಿಗ್ಗೆ ಹತ್ತೂ ಕಾಲು. ತಪ್ಪು ಸಿರಿಂಜ್ ತೆಗೆದುಕೊಂಡದ್ದು ನರ್ಸ್ ಅಲ್ಲ. ನಾನು."